ಅತ್ತಿಗೆಯನ್ನು ಕೇಳದ ಸಿಸ್ಟರ್

ಮೊನ್ನೆ ಭಟ್ಕಳ ಪೇಟೆಯ ಟೇಲರ್ ಅಕ್ಕ ಹಳದಿ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಆಕೆಯ ಮೇಲಲ್ಲ, ಹಿಂದೆ ನಮ್ಮ ಹೆಬಳೆಯಲ್ಲಿ ಮನೆಮನೆಗೆ ಬರುತ್ತಿದ್ದ ಸರಕಾರಿ ಆಸ್ಪತ್ರೆಯ ಸಿಸ್ಟರ್ ಮೇಲೆ. ಅವರ ಕುತ್ತಿಗೆಯಲ್ಲೂ ಇಂಥದೇ ಟೇಪು ನೇತಾಡುತ್ತಿತ್ತು... ಶೋಕಿಗೆ. ಅಳೆದದ್ದನ್ನು ನಾನಂತೂ ಕಂಡಿಲ್ಲ.

ಸಕ್ಕರೆ ಕಾಯಿಲೆ ಯಾರಿಗೆ ಬರಬಹುದು ಎಂದು ತಿಳಿಯಲು ಅವರ ಕೈಗೆ ಒಂದಿಷ್ಟು ಪ್ರಶ್ನೆ ಕೊಟ್ಟಿದ್ದರು. ವಯಸ್ಸೆಷ್ಟು, ಸೊಂಟದ ಸುತ್ತಳತೆ ಎಷ್ಟು, ಮೈ ಬಗ್ಗಿಸಿ ದುಡಿಯುತ್ತೀರಾ, ಹೆತ್ತವರಿಗೆ ಈ ಕಾಯಿಲೆ ಇದೆಯೇ? ಒಂದೊಂದು ಉತ್ತರಕ್ಕೂ ಇಷ್ಟಿಷ್ಟು ಅಂಕ; ಹೆಚ್ಚು ಬಂದವರ ರಕ್ತ ಪರೀಕ್ಷೆ ಮಾಡಿಸಬೇಕು. ಆದರೆ ನಮ್ಮಲ್ಲಿ ಸೊಸೆಯ ಪರವಾಗಿ ಬಾಯಿ ಬಿಡುವವಳು ಅತ್ತೆ. ಸಿಸ್ಟರಿಗೂ ಅದೇ ಸಲೀಸು. ಜಗಲಿಯಲ್ಲಿ ಕೂತು, ಚಾ ಕುಡಿದು, ಒಬ್ಬರನ್ನೇ ಕೇಳಿ ಮನೆಮಂದಿಯದ್ದೆಲ್ಲ ಬರೆದುಕೊಂಡು ಹೋಗುತ್ತಿದ್ದರು.

ಅಣ್ಣನ ಹೆಂಡತಿಯ ಸರದಿ ಬಂದಾಗ ಅಮ್ಮ, "ಅದ್ರ ಹತ್ರ ಎಂತ ಕೇಳೂದು? ನಾ ಹೇಳ್ತೆ. ನಮ್ಮನೇಲಿ ಶುಗರ್ ಗಿಗರ್ ಯಾರಿಗೂ ಇಲ್ಲ" ಅಂದಳು. ಸೊಸೆಗೂ ಹೆತ್ತವರಿದ್ದಾರೆ ಎಂಬುದೇ ಅವಳ ತಲೆಗೆ ಬರಲಿಲ್ಲ. ಅಮ್ಮ ಓದಿದವಳಲ್ಲ, ಬಿಡಿ. ಸಿಸ್ಟರ್? ಕರ್ಕಿಯಲ್ಲಿ ಅವರ ತವರೂ ಅತ್ತಿಗೆಯ ತವರೂ ಅಕ್ಕಪಕ್ಕ. ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡ ಅತ್ತಿಗೆಯ ತಾಯಿಯ ಕಾಲಿಗೆ ಎಷ್ಟೋ ಸಲ ಪಟ್ಟಿ ಕಟ್ಟಿದವರು ಅವರೇ!

ಒಳಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ನಮ್ಮ ಆಯಿಗೆ..." ಎಂದು ಶುರು ಮಾಡಿದಳು. ಅಮ್ಮ ಕಣ್ಣು ಕೆಂಪಗೆ ಮಾಡಿದಳು. ಸಿಸ್ಟರ್ ನಕ್ಕು, "ಆತು ಬಿಡೆ. ಇಷ್ಟು ಸಪೂರ ಇದ್ದಿ, ನಿಂಗೆಂತ ಆಗ್ತದೆ?" ಎಂದು ಬರೆದು ಮುಗಿಸಿದರು. ಅಮ್ಮನೆದುರು ಕೆಟ್ಟವರಾಗುವುದು ಅವರಿಗೆ ಬೇಡವಾಗಿತ್ತು.

ಮಲ್ಲಿಗೆ ಕಟ್ಟುವುದರಲ್ಲಿ ಅತ್ತಿಗೆ ಎತ್ತಿದ ಕೈ. ಕೆಲವು ವರ್ಷಗಳಲ್ಲಿ ಅವಳಿಗೆ ದಾರ ಕಾಣದಾಯಿತು, ಆಮೇಲೆ ಹೂವೂ... ಸಕ್ಕರೆ ಒಳಗೊಳಗೇ ಕಣ್ಣು ತಿಂದಿದೆ, ಮೊದಲೇ ಗೊತ್ತಾಗಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಪಾಪದವರು, ಯಾರ ಮನಸ್ಸೂ ನೋಯಿಸಿದವರಲ್ಲ ಎಂದು ಊರೆಲ್ಲ ಹೊಗಳಿತು. ನೋಯಿಸಬೇಕಿತ್ತು! ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ.

ನಿನ್ನೆ ಹೊಸ ಸಿಸ್ಟರ್ ಬಂದಿದ್ದರು. ಈಗ ಪ್ರಾಯಕ್ಕೆ ಬಂದಿರುವ ಅಣ್ಣನ ಮಗಳ ಬಗ್ಗೆ ಅವೇ ಪ್ರಶ್ನೆ. ಅಮ್ಮ ಉತ್ತರ ಹೇಳುವ ಮೊದಲೇ ಅತ್ತಿಗೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಸಿಸ್ಟರ್ ಕೂತದ್ದು ಒಂದು ಕಡೆ, ಅವಳ ಮುಖ ತಿರುಗಿದ್ದು ಇನ್ನೊಂದು ಕಡೆ.

"ಇದ್ರ ಅಜ್ಜಿಗೆ ಇತ್ತು, ತಾಯಿಗೂ ಉಂಟು," ಅಂದಳು. "ಇದ್ರ ರಕ್ತ ಈಗ್ಲೇ ನೋಡಿ."