ಅಕ್ಕ ತಂದ ಹೋಳಿಗೆ

ಗೆಳೆಯರೇ, ಸಕ್ಕರೆ ಕಾಯಿಲೆ ಬಂದ ಹನ್ನೆರಡು ವರ್ಷದಿಂದ ನಾನು ಕದ್ದು ತಿನ್ನುತ್ತಿದ್ದ ಹೋಳಿಗೆ ಇವತ್ತು ತಟ್ಟೆ ತುಂಬ ಎದುರಿಗೇ ಬಂತು. ತಂದವಳು ತೆಕ್ಕಲಕೋಟೆಯ ಅಕ್ಕ. ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ ಸುದ್ದಿ ಕೇಳಿ, ಮೊದಲ ಬಸ್ಸಿಗೇ ಕುರುಗೋಡಿಗೆ ಬಂದಿಳಿದಿದ್ದಳು.

"ತಿನ್ನೋ ತಮ್ಮಾ. ಇನ್ನೆಂಥಾ ಪಥ್ಯ? ಬಾಯಾಸಿ ಉಳಿಸ್ಕೋಬಾರ್ದು," ಎಂದು ಮೇಲೆ ತುಪ್ಪ ಸುರಿದಳು.

ನಿನ್ನೆ ನೆರೆಮನೆಯವರೂ ಇದೇ ಮಾತು ಹೇಳಿ ಪೇಡೆ ತಿನ್ನಿಸಿದ್ದರು. ಕಾಯಿಲೆ ದೊಡ್ಡದಾಯಿತೆಂದರೆ ನಮ್ಮ ಕಡೆ ರೋಗಿಯ ನಾಲಿಗೆಗೆ ಎಲ್ಲ ಮಾಫಿ.

ನಾನು ಕೈ ಚಾಚಿದೆ. ಅಷ್ಟರಲ್ಲಿ ನನ್ನ ಹೆಂಡತಿ ಗಾಜಿನ ನಳಿಕೆ ಹಿಡಿದು ಒಳಗಿನಿಂದ ಬಂದಳು. ದಿನಾ ಬೆಳಿಗ್ಗೆ ನನ್ನ ಮೂತ್ರವನ್ನು ನೀಲಿ ಔಷಧದಲ್ಲಿ ಕುದಿಸಿ ಸಕ್ಕರೆ ನೋಡುವುದು ಅವಳ ಕೆಲಸ. ನೀಲಿ ಇವತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಅಂದರೆ ಸಕ್ಕರೆ ವಿಪರೀತ.

"ಪೇಡೆ ತಿಂದೀರಿ, ಹೌದಲ್ರಿ? ಸಕ್ಕರಿ ಇಳಿಯೋತನ ಆಪರೇಷನ್ ಮಾಡಂಗಿಲ್ಲ ಅಂದಾರ ಡಾಕ್ಟ್ರು, ನೆಪ್ಪೈತಿಲ್ಲೋ?" ಎಂದು ತಟ್ಟೆಯನ್ನೇ ಎತ್ತಿಕೊಂಡಳು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಂಥಾ ಹೊತ್ನ್ಯಾಗೂ ಅವನ್ನ ಬಿಡವಲ್ಲಿ ಅಲ್ಲವ್ವಾ!"

"ಆಪರೇಷನ್ ಆಗಿ ಮನಿಗೆ ಬರ್ಲಿ ಅಕ್ಕಾರ, ಆಮ್ಯಾಲೂ ಬಿಡಂಗಿಲ್ಲ."

ನನಗೆ ಸಿಹಿ ಕೊಟ್ಟವರೆಲ್ಲ ಪ್ರೀತಿಯಿಂದಲೇ ನನ್ನನ್ನು ಬೀಳ್ಕೊಡಲು ಬಂದವರು. ನಾನು ಬದುಕುತ್ತೇನೆಂದು ನಂಬಿರುವವಳು ಈ ಮನೆಯಲ್ಲಿ ಒಬ್ಬಳೇ. ಅವಳೀಗ ಒಳಗೆ ಕೂತು ಹಾಗಲಕಾಯಿ ಹೆಚ್ಚುತ್ತಿದ್ದಾಳೆ.