ಎಂಟನೇ ರೊಟ್ಟಿಗೆ ಬರುವ ನೀರು

ಹಳಿಯಾಳದಲ್ಲಿ ದೊಡ್ಡ ಮಳೆಯೆಲ್ಲ ಸೋಮವಾರವೇ ಬೀಳುತ್ತದೆ. ಇದು ನನ್ನ ಮಾತಲ್ಲ, ಮಳೆ ರಿಜಿಸ್ಟರಿನ ಮಾತು. ಮಂಗಳವಾರದಿಂದ ಶನಿವಾರದವರೆಗೆ ಮಳೆ ತನ್ನ ಪಾಡಿಗೆ ತಾನು ಬಂದು ಹೋಗಿರುತ್ತದೆ, ಭಾನುವಾರ ಒಂದು ಹನಿಯೂ ಇಲ್ಲ, ಸೋಮವಾರ ಆಕಾಶವೇ ಹರಿದು ಬಿದ್ದಿರುತ್ತದೆ. ವರ್ಷಗಟ್ಟಲೆ ಹೀಗೇ. ಇಷ್ಟು ಎದ್ದು ಕಾಣುವ ಸಂಗತಿ ನನ್ನ ತಲೆಗೆ ಹೊಳೆಯಲು ಮೂರು ವಾರ ಬೇಕಾಯಿತಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಆಗ ನಾನು ಊರಿನ ತಗ್ಗಿನ ಓಣಿಯೊಂದಕ್ಕೆ ಗಟಾರದ ಲೆಕ್ಕ ಹಾಕುತ್ತಿದ್ದೆ. ದಾಂಡೇಲಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಗುತ್ತಿಗೆ ಎಂಜಿನಿಯರು ನಾನು. ಜೋರು ಮಳೆಗೆ ಮೇಲಿನ ಓಣಿಗಳಿಂದ ಎಷ್ಟು ನೀರು ಇಳಿದು ಬರುತ್ತದೆ ಎಂದು ಅಂದಾಜು ಮಾಡಬೇಕು, ಗಟಾರದ ಅಗಲ ನಿಲ್ಲುವುದು ಅದರ ಮೇಲೆ. ಘಟ್ಟದ ಅಣಶಿಯ ಮಳೆಯೇ ಬೇರೆ, ಬಯಲಿನ ಕಡೆಯ ಅತ್ತಿವೇರಿಯ ಮಳೆಯೇ ಬೇರೆ. ನಡುವಿನ ಹಳಿಯಾಳಕ್ಕೆ ಅದರದೇ ಮಳೆ ಬೇಕೆಂದು ಹಟ ಹಿಡಿದು ರಿಜಿಸ್ಟರು ತರಿಸಿಕೊಂಡವಳೂ ನಾನೇ. ಅದರಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಳೆಯನ್ನು ಹಾಕಿ ನೋಡಿದರೆ, ಗಟಾರ ಓಣಿಯ ಕೊನೆಯ ಮನೆಯ ಕಟ್ಟೆಯನ್ನೇ ನುಂಗುತ್ತಿತ್ತು.

ಆ ಕಟ್ಟೆಯ ಮೇಲೆ, ತಗಡಿನ ಕೆಳಗೆ, ಒಂದು ಒಲೆ. ಮನೆಯ ಅಕ್ಕ ಅಲ್ಲಿ ಕುಳಿತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಒಳಗಿರುವುದು ಒಂದೇ ಕೋಣೆ, ಅಲ್ಲಿ ಒಲೆ ಹೂಡಿದರೆ ಮಲಗಲು ಜಾಗವಿಲ್ಲ. ನಾನು ಟೇಪು ಹಿಡಿದ ಮೊದಲ ದಿನವೇ ಕೇಳಿದ್ದಳು: “ತಂಗಿ, ಈ ಕಟ್ಟಿ ಹೋತಂದ್ರ ನಾ ಎಲ್ಲಿ ಕುಂದರ್ಲಿ?” ನೋಡೋಣ ಎಂದು ತಪ್ಪಿಸಿಕೊಂಡು ಬಂದಿದ್ದೆ.

ಸೋಮವಾರದ ವಿಚಾರ ಹೊಳೆದ ದಿನ ಮಳೆ ಅಳೆಯುವ ಜವಾನನನ್ನು ಹುಡುಕಿಕೊಂಡು ಹೋದೆ.

“ಸೋಮವಾರ ಶಿವನ ವಾರ ನೋಡ್ರಿ ಮೇಡಮ್ಮಾರ. ಮಳಿ ಜರಾ ಜಾಸ್ತೀನ ಬರ್ತೇತಿ” ಎಂದ.

“ರವಿವಾರ ಯಾಕ ಒಂದು ಹನಿನೂ ಇಲ್ಲ?”

“ರವಿವಾರ ಸೂಟಿ ಅಲ್ರಿ?”

“ಮಳಿಗೂ ಸೂಟಿ ಏನ್ರಿ?”

“ಮಳಿಗಲ್ರಿ, ನನಗ. ಡಬ್ಬ್ಯಾಗಿನ ನೀರು ಎಲ್ಲಿ ಓಡಿ ಹೋಗ್ತೇತ್ರಿ? ಸೋಮವಾರ ಬಂದು ಎರಡೂ ದಿನದ್ದು ಕೂಡೇ ಅಳೀತೇನಿ. ಒಂದು ಹನಿ ಲುಕ್ಸಾನ ಆಗಿಲ್ಲ.”

ಅವನ ಮುಖದಲ್ಲಿ ಹೆಮ್ಮೆಯಿತ್ತು. ನಾನು ಹಣೆ ಹಣೆ ಚಚ್ಚಿಕೊಂಡೆ. ಎರಡು ದಿನದ ಮಳೆಯನ್ನು ಒಂದೇ ದಿನದ್ದೆಂದು ನಂಬಿ, ಒಬ್ಬ ಹೆಂಗಸಿನ ಒಲೆಯನ್ನು ಕಿತ್ತು ಹಾಕಲು ಹೊರಟಿದ್ದೆ. ಸೋಮವಾರಗಳನ್ನೆಲ್ಲ ಹೊಡೆದು ಹಾಕಿ ಮತ್ತೆ ಲೆಕ್ಕ ಮಾಡಿದೆ. ಗಟಾರ ಕಿರಿದಾಯಿತು, ಕಟ್ಟೆ ಉಳಿಯಿತು.

ಮರುದಿನ ಬೆಳಿಗ್ಗೆ ಬಸ್ಸಿಳಿದು ನೇರ ಅಲ್ಲಿಗೇ ಹೋದೆ. ಸುದ್ದಿ ಕೇಳಿ ಅಕ್ಕ ನಕ್ಕಳು, ಕೂರಲು ಮಣೆ ತಳ್ಳಿದಳು. ನನ್ನ ಫಾರ್ಮಿನಲ್ಲಿ ಇನ್ನೊಂದು ಸಾಲು ತುಂಬುವುದಿತ್ತು: ಮೇಲಿನ ಓಣಿಯ ನೀರು ಇಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ನೀರು ಬೇಗ ಬಂದಷ್ಟೂ ಗಟಾರ ಅಗಲವಾಗಬೇಕು. ಸೂತ್ರ ಅರ್ಧ ಗಂಟೆ ಎಂದಿತ್ತು, ಅದನ್ನೇ ಹಿಡಿದು ಲೆಕ್ಕ ಹಾಕಿದ್ದೆ. ಊರಿನವರನ್ನೂ ಒಂದು ಮಾತು ಕೇಳಬೇಕೆಂಬ ಶಾಸ್ತ್ರಕ್ಕೆ ಕೇಳಿದೆ. ಸುಮ್ಮನಿರಬಾರದಿತ್ತೇ!

“ತಾಸುಗೀಸು ನನಗ ತಿಳಿಯೂದಿಲ್ಲವಾ. ಮಳಿ ಜೋರ ಹಿಡೀತಂದ್ರ ಎಂಟನೇ ರೊಟ್ಟಿಗೆ ನೀರು ಈ ಮೆಟ್ಲಿಗೆ ಬರ್ತೇತಿ. ಒಂಬತ್ತನೇದಕ್ಕ ಒಲಿ ಆರ್ತೇತಿ. ಪ್ರತಿ ಸಲ ಹಂಗs.”

ಮೊಬೈಲಿನಲ್ಲಿ ಹೊತ್ತು ಹಿಡಿದೆ. ಎಂಟು ರೊಟ್ಟಿಗೆ ಹನ್ನೆರಡು ನಿಮಿಷ. ಅಕ್ಕ ಮುಂದಿನ ಹಿಟ್ಟು ನಾದಲು ಕುಳಿತಳು, ನಾನು ಅಲ್ಲೇ ಮಣೆಯ ಮೇಲೆ ಕುಳಿತು ಹೊಸ ಲೆಕ್ಕ ಹಾಕಿದೆ. ಅಷ್ಟು ಕಷ್ಟಪಟ್ಟು ಕಿರಿದು ಮಾಡಿದ ಗಟಾರ ಮತ್ತೆ ಅಗಲವಾಗಿ ಅವಳ ಒಲೆಯ ಕೆಳಗೇ ಬಂದು ನಿಂತಿತು.

“ಅಕ್ಕಾರ, ಮಳ್ಯಾಗ ಕೈ ಸಾವಕಾಶ ನಡೀತಿರಬೇಕಲ್ಲ?”

“ಸಾವಕಾಶ? ನೀರು ಬರೂದು ಕಂಡ್ರ ಇನ್ನೂ ಜೋರ ಬಡೀತೇನಿ.”

ಒಂದು ಸಣ್ಣ ಸುಳ್ಳು ಹೇಳಲೂ ಬರುವುದಿಲ್ಲವೇ ಈಕೆಗೆ! ಮೈಯೆಲ್ಲ ಉರಿಯಿತು. ಕಟ್ಟೆ ಹೋಗುತ್ತದೆ, ಹೋಗುವುದು ಅವಳ ಮಾತಿನಿಂದಲೇ ಎಂದು ಬಿಡಿಸಿ ಹೇಳಿದೆ. “ಅರ್ಧಾ ತಾಸು ಅಂತ ಬರೀತೇನ್ರಿ. ಯಾರೂ ಕೇಳೂದಿಲ್ಲ” ಎಂದೂ ಹೇಳಿಬಿಟ್ಟೆ. ಅವಳು ಹೂಂ ಎಂದಿದ್ದರೆ ಆಗ ನಿಜಕ್ಕೂ ಹಾಗೇ ಬರೆಯುತ್ತಿದ್ದೆ.

ಅಕ್ಕ ನಾದಿದ ಹಿಟ್ಟಿನಿಂದ ಒಂದು ಉಂಡೆ ಮುರಿದಳು. “ಹಂಗ ಬರದ್ರ ನೀರು ಮನಿಯೊಳಗ ಬರ್ತೇತೇನು?”

“ದೊಡ್ಡ ಮಳಿ ಆದ್ರ ಬರ್ತೇತ್ರಿ.”

ಆಕೆ ಎದುರು ಮನೆಯ ಕಡೆ ಗಲ್ಲ ಎತ್ತಿದಳು. ಒಳಗೆ ಕೂಸು ಅಳುತ್ತಿತ್ತು. “ಅಲ್ಲಿ ಬಾಣಂತಿ ಅದಾಳ. ಹ್ವಾದ ಮಳಿಗಾಲದಾಗ ಬಸರಿ ಹೊಟ್ಟಿ ಹೊತ್ಕೊಂಡು ಮೊಣಕಾಲಮಟ ನೀರಾಗ ನಿಂತಿದ್ಲು. ಎಂಟs ಬರಿ.”

ಬರೆದೆ. ಒಲೆ ಎಲ್ಲಿ ಹೂಡುತ್ತೀರಿ ಎಂದು ಕೇಳುವ ಧೈರ್ಯವಾಗಲಿಲ್ಲ. ತಲೆಯೆತ್ತಿ ನೋಡಿದಾಗ ಅಕ್ಕ ಒಂಬತ್ತನೆಯ ರೊಟ್ಟಿ ಬಡಿಯುತ್ತಿದ್ದಳು.