ಸೊನ್ನೆ ಬಿದ್ದ ಹತ್ತೊಂಬತ್ತು ಮನೆಗಳು

ಜತ್ತ ತಾಲೂಕಿನ ಮಾಡಗ್ಯಾಳದ ದಾರಿಯಲ್ಲಿರುವ, ಹತ್ತೊಂಬತ್ತು ಮನೆಗಳ ಈ ವಸ್ತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಬ್ಬು ಕಡಿಯಲು ಹೊರಟ ಮಂದಿ ಟ್ರ್ಯಾಕ್ಟರಿಗೆ ಹಾಸಿಗೆ, ಪಾತ್ರೆ, ಕೋಳಿಬುಟ್ಟಿ ಏರಿಸುತ್ತಿದ್ದಾರೆ. ಅವರ ನಡುವೆ ಒಬ್ಬ ಹೆಣ್ಣುಮಗಳು ಮೊಬೈಲಿನ ಬೆಳಕಲ್ಲಿ ಕಾಗದ ಹಿಡಿದು ಅಡ್ಡಾಡುತ್ತಿದ್ದಾರೆ. "ಲಗೂನ ಹೇಳ್ರಿ ಯಕ್ಕಾ, ಮನ್ಯಾಗ ಎಷ್ಟ ಮಂದಿ? ಎಷ್ಟ ದೀಪ ಬೇಕು? ಇಲ್ಲೊಂದು ಹೆಬ್ಬಟ್ಟ ಒತ್ರಿ." ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದಾನೆ.

ಇವರು ನಾಹಿದ. ವಯಸ್ಸು ಮೂವತ್ತಾರು, ಗ್ರಾಮ ಪಂಚಾಯತಿಯಲ್ಲಿ ಗುತ್ತಿಗೆಯ ಕೆಲಸ. ಊರಿನ ಮನೆಗೂ ಹಾದಿಗೂ ಎಷ್ಟು ಸೌರ ದೀಪ ಬೇಕು, ಸೌರ ಪಂಪು ಎಲ್ಲಿ ಕೂರಬೇಕು ಎಂಬ ಯೋಜನೆ ಹುಟ್ಟಿದ್ದು ಇವರ ನಡಿಗೆಯಿಂದ. ಕಳೆದ ಜನವರಿಯಲ್ಲಿ ದಿನಕ್ಕೆ ಇಪ್ಪತ್ತರಂತೆ ನಾನ್ನೂರ ಹನ್ನೆರಡು ಮನೆ ಸುತ್ತಿದ್ದಾರೆ. ಆ ಯೋಜನೆಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಇವರ ಹೆಸರು ಅದರ ಯಾವ ಪುಟದಲ್ಲೂ ಇಲ್ಲ.

ಅದು ಅವರಿಗೆ ನೋವಲ್ಲ. ನೋವು ಬೇರೆಯೇ ಇದೆ. ಜನವರಿಯಲ್ಲಿ ಈ ವಸ್ತಿಯ ಹತ್ತೊಂಬತ್ತೂ ಮನೆಗಳಿಗೆ ಬೀಗ. ಎಲ್ಲರೂ ಕಬ್ಬು ಕಡಿಯುವ ಹೊಲಗಳಲ್ಲಿ, ದೂರದ ಫಡದಲ್ಲಿದ್ದರು. ಬೀಗವಿದ್ದರೆ ಸೊನ್ನೆ ಬರೆಯಿರಿ ಎಂದು ಮೇಲಿನವರ ಸೂಚನೆ. ಕುರ್ಚಿಯಲ್ಲಿ ಕೂತು ಸೂಚನೆ ಬರೆಯುವವರಿಗೆ ಕಬ್ಬಿನ ಹಂಗಾಮು ಯಾವಾಗ ಎಂದು ಹೇಗೆ ಗೊತ್ತಾಗಬೇಕು? ನಾಹಿದ ಸೊನ್ನೆ ಬರೆದರು. ಬೇಸಿಗೆಯಲ್ಲಿ ಉಳಿದ ಕಡೆಗೆಲ್ಲ ದೀಪ ಬಂದವು, ಇಲ್ಲಿಗೆ ಬರಲಿಲ್ಲ. ಜೂನ್ ತಿಂಗಳಲ್ಲಿ ನಸುಕಿಗೇ ನೀರಿಗೆ ಹೊರಟ ಇದೇ ವಸ್ತಿಯ ಕಾಳವ್ವ ಕತ್ತಲಲ್ಲಿ ಹಾವು ತುಳಿದರು. ಜತ್ತದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

"ಯಾರೂ ನನಗ ಒಂದ ಮಾತ ಅಂದಿಲ್ರಿ," ಎನ್ನುತ್ತಾರೆ ನಾಹಿದ. "ಆದ್ರ ನಾ ಇದ ತಾಲೂಕಿನಾಗ ಹುಟ್ಟಿದಾಕಿ. ಜನವರಿದಾಗ ಇವ್ರು ಎಲ್ಲಿರ್ತಾರ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಸೊನ್ನಿ ಬರದ್ನಿ." ಹೇಳುತ್ತಲೇ ಮುಂದಿನ ಮನೆಯವರ ಕಡೆ ನಡೆಯುತ್ತಾರೆ; ಬರೆದುಕೊಳ್ಳುತ್ತ ನಾನೂ ಹಿಂದೆ ಹೋಗುತ್ತೇನೆ.

ಬಿಟ್ಟುಹೋದ ಮನೆಗಳ ಪಟ್ಟಿ ಸೋಮವಾರದ ಗ್ರಾಮಸಭೆಗೆ ಹೋಗಬೇಕು. ಮನೆಯವರ ಹೆಬ್ಬೆಟ್ಟಿಲ್ಲದೆ ಅದು ನಡೆಯದು. ಇವತ್ತು ತಪ್ಪಿದರೆ ಈ ಮಂದಿ ಮತ್ತೆ ಸಿಗುವುದು ಮಾರ್ಚಿಗೇ. ಯಾರೂ ಹೇಳಿ ಕಳಿಸದಿದ್ದರೂ ನಾಹಿದ ನಡೆದು ಬಂದಿದ್ದಾರೆ. ಹದಿನೆಂಟು ಮನೆ ಮುಗಿದಿವೆ.

ಉಳಿದದ್ದು ಕಾಳವ್ವನ ಮನೆ. ಗಂಡ ಅಮೋಗಸಿದ್ದ ಆಗಲೇ ಟ್ರ್ಯಾಕ್ಟರ್ ಹತ್ತಿ ಕೂತಿದ್ದಾರೆ. ನಾಹಿದ ತಲೆ ಎತ್ತದೆ ಕೇಳುತ್ತಾರೆ, "ಅಣ್ಣಾರ, ಮನ್ಯಾಗ ಎಷ್ಟ ಮಂದಿ?"

"ನಾಕ." ಮಾತು ಬಾಯಿಂದ ಬಂದುಬಿಟ್ಟಿದೆ. ಅಮೋಗಸಿದ್ದ ತಿದ್ದಿಕೊಂಡು, "ಮೂರ ಬರಕೋರಿ, ಅಕ್ಕಾರ," ಎನ್ನುತ್ತಾರೆ. ಬಗ್ಗಿ ಹೆಬ್ಬೆಟ್ಟು ಒತ್ತುತ್ತಾರೆ.

ಟ್ರ್ಯಾಕ್ಟರ್ ಹೋದ ಮೇಲೂ ನಾಹಿದ ಅಲ್ಲೇ ನಿಂತಿದ್ದಾರೆ. ಇನ್ನು ಏನಾಗಬೇಕು ಅಂತ ನಿಮ್ಮ ಆಸೆ ಎಂದು ಕೇಳುತ್ತೇನೆ.

"ಅವ್ರು ತಿರುಗಿ ಬರೂದ್ರಾಗ ಆ ನೀರಿನ ಹಾದ್ಯಾಗ ದೀಪ ಹತ್ತಲಿರಿ," ಎನ್ನುತ್ತಾರೆ. "ಆವಾಗರ ತಲಿ ಎತ್ತಿ ಅವ್ರ ಮಾರಿ ನೋಡಿ ಮಾತಾಡ್ತೀನಿ."